ಮಧ್ಯಾಹ್ನ ತಾರಸಿಗೆ ಹೋಗಬಾರದು

ಬೇಸಿಗೆಯಲ್ಲಿ ಮಧ್ಯಾಹ್ನ 2 ಗಂಟೆಗೆ ತಾರಸಿಗೆ ಹೋಗಬಾರದು. ಕಾಲು ಸುಡುತ್ತದೆ, ಅದಿರಲಿ. ಆ ಹೊತ್ತಿನಲ್ಲಿ ಕುಂಡದ ಬದನೆ ಗಿಡವನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. ಎಲೆಗಳೆಲ್ಲ ಹಿಂಡದೆ ಒಣಹಾಕಿದ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತವೆ. ನಾನು ಓಡಿಹೋಗಿ ಬಕೆಟ್ ನೀರು ತಂದು ಸುರಿಯುತ್ತಿದ್ದೆ. ಸಂಜೆ ಹೊತ್ತಿಗೆ ಗಿಡ ನೆಟ್ಟಗೆ ನಿಂತಿರುತ್ತಿತ್ತು. ನನ್ನಿಂದಲೇ ಬದುಕಿತು ಅಂತ ಬೀಗುತ್ತಿದ್ದೆ.

ಒಂದು ದಿನ ಮೊದಲ ಕುಂಡಕ್ಕೇ ನೀರು ಮುಗಿಯಿತು. ಅಷ್ಟರಲ್ಲಿ ಫೋನ್ ಬಂತು, ಎರಡನೆಯದು ಮರೆತೇಹೋಯಿತು. ಸಂಜೆ ನೋಡಿದರೆ ಎರಡೂ ಒಂದೇ ಥರ ನೆಟ್ಟಗೆ ನಿಂತಿದ್ದವು! ನನಗೆ ಸ್ವಲ್ಪ ಅವಮಾನವೇ ಆಯಿತು.

ಅಸಲು ಸಂಗತಿ ಇಷ್ಟೇ. ಉರಿಬಿಸಿಲಲ್ಲಿ ದೊಡ್ಡ ಎಲೆಗಳಿಂದ ಆರಿಹೋಗುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಎಳೆದು ಕೊಡಲಾರದು. ಎಲೆ ಬಾಗುತ್ತದೆ. ಬಾಗಿದ ಎಲೆಗೆ ಬಿಸಿಲು ತಾಗುವುದೂ ಕಮ್ಮಿ. ಬಿಸಿಲು ಇಳಿದ ಮೇಲೆ ತಾನೇ ಏಳುತ್ತದೆ. ಬೆಳಿಗ್ಗೆಯೂ ಜೋತು ಬಿದ್ದಿದ್ದರೆ ಮಾತ್ರ ಗಾಬರಿಯಾಗಬೇಕು. ಬಾಯಾರಿಕೆಯೋ ಅಲ್ಲವೋ ಅಂತ ಮಣ್ಣಲ್ಲಿ ಬೆರಳು ಇಳಿಸಿದರೆ ಗೊತ್ತಾಗುತ್ತದೆ. ಹಸಿ ಮಣ್ಣಿಗೇ ಮತ್ತೆ ಮತ್ತೆ ನೀರು ಸುರಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹಾಗೆ ಪ್ರೀತಿ ಜಾಸ್ತಿಯಾಗಿ ನಾನು ಕೊಂದ ಗಿಡಗಳ ಲೆಕ್ಕ ಇಲ್ಲಿ ಬೇಡ.

ಇಷ್ಟು ದಿನ ಎಲೆಯನ್ನೇ ನೋಡುತ್ತಾ ಕುಂಡವನ್ನು ನೋಡಿರಲೇ ಇಲ್ಲ. ನೆಲದಲ್ಲಿರುವ ಗಿಡಕ್ಕೆ ಕೆಳಗೆ ಇಳಿದಷ್ಟೂ ತಂಪು. ಕುಂಡದ ಗಿಡಕ್ಕೆ ಬಿಸಿಲು ಪಕ್ಕದಿಂದಲೂ ಬರುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೂ ಕೆಳಗಿನಿಂದ ಬೇಯಿಸುತ್ತದೆ. ನಾನೋ, ನೋಡೋಕೆ ಚೆನ್ನಾಗಿದೆ ಅಂತ ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನೇ ಸಾಲಾಗಿ ಇಟ್ಟಿದ್ದೆ. ಸತ್ತುಹೋದ ಒಂದು ಮೆಣಸಿನ ಗಿಡವನ್ನು ಮಣ್ಣುಂಡೆ ಸಮೇತ ಹೊರಗೆಳೆದಾಗ ಕಣ್ಣು ತೆರೆಯಿತು. ಗೋಡೆಯ ಕಡೆಯ ಬೇರು ಇನ್ನೂ ಬೆಳ್ಳಗಿತ್ತು. ಪಡುವಣ ಬಿಸಿಲಿನ ಕಡೆಯದು ಹುರಿದ ಹಾಗೆ ಕಂದಾಗಿತ್ತು. ಮಣ್ಣಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಬಹಳಷ್ಟು ತರಕಾರಿಗಳ ಬೇರು ಸೋಲುತ್ತದೆ.

ಆಮೇಲೆ ಕುಂಡಗಳಿಗೆ ಹಳೆ ಗೋಣಿಚೀಲ ಸುತ್ತಿದೆ. ಇಟ್ಟಿಗೆಯ ಮೇಲೆ ಎತ್ತಿಟ್ಟೆ. ಒಂದರ ನೆರಳು ಇನ್ನೊಂದಕ್ಕೆ ಬೀಳಲಿ ಅಂತ ಒತ್ತೊತ್ತಾಗಿ ಸೇರಿಸಿದೆ. ಮಣ್ಣಿನ ಮೇಲೆ ಎರಡು ಇಂಚು ಒಣಎಲೆ ಹಾಸಿದೆ. ತಾರಸಿಯ ಅಂದವೇ ಹೋಯಿತು, ಗಿಡ ಉಳಿಯಿತು. ಮಣ್ಣಿನ ಕುಂಡವೂ ಒಳ್ಳೆಯದೇ. ಹೂಜಿಯ ಹಾಗೆ ಮೈಯಿಂದ ನೀರು ಆರಿ ತಂಪಾಗಿರುತ್ತದೆ. ಆದರೆ ಬೇಗ ಒಣಗುತ್ತದೆ, ಎರಡು ಹೊತ್ತು ನೀರು ಕೇಳುತ್ತದೆ. ಹಾಂ, ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರನ್ನು ಗಿಡಕ್ಕೆ ಬಿಡಬೇಡಿ. ಪುದೀನ ಇದ್ದ ಕುಂಡಕ್ಕೆ ನಾನು ಬಿಟ್ಟಿದ್ದೆ. ಕಷಾಯವೇ ಆಯಿತು.

ಟೊಮೇಟೊ ಹೂ ಉದುರಿಸಿದಾಗ ಗೊಬ್ಬರ ಸಾಲದೇನೋ ಅಂತ ಮತ್ತೆ ಮತ್ತೆ ಹಾಕಿದ್ದೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಅದರ ಪರಾಗವೇ ಕೆಲಸ ಮಾಡುವುದಿಲ್ಲ. ಗೊಬ್ಬರ ಏನು ಮಾಡೀತು? ಕೊತ್ತಂಬರಿಯದ್ದು ಇನ್ನೊಂದು ಕಥೆ. ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂ ಬಿಟ್ಟು ಬೀಜಕ್ಕೆ ಓಡುತ್ತದೆ. ಈಗ ಬೇಸಿಗೆಯಲ್ಲಿ ಅವೆರಡರ ತಂಟೆಗೇ ಹೋಗುವುದಿಲ್ಲ. ಬೆಂಡೆ, ಅಲಸಂದೆ, ದಂಟು, ಬಸಳೆ ಹಾಕುತ್ತೇನೆ. ಬೇರಿನ ಹತ್ತಿರ ಹಸಿ ಇದ್ದರೆ ಸಾಕು, ಬಸಳೆ ಆ ಬಿಸಿಲಲ್ಲೂ ದಿನಕ್ಕೊಂದು ಗೇಣು ಬೆಳೆದ ಹಾಗೆ ಕಾಣುತ್ತದೆ.

ಬದನೆ ಮಾತ್ರ ಬಿಡಲಾಗಲಿಲ್ಲ. ನಿನ್ನೆ 2 ಗಂಟೆಗೆ ಸುಮ್ನೆ ಮೇಲೆ ಹೋದೆ. ಜೋತು ಬಿದ್ದಿತ್ತು. ಬೆರಳು ಇಳಿಸಿ ನೋಡಿದೆ, ಹಸಿ. ಬಕೆಟ್ ಮುಟ್ಟದೆ ಕೆಳಗೆ ಬಂದೆ. ಎರಡೂವರೆಗೆ ಇನ್ನೊಂದು ಸಲ ಹೋದೆ.