ನೂರು ಕಾಳಲ್ಲಿ ಒಂದು ಕೆಂಪು

ಬನಹಟ್ಟಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆಧಾರ್, ಪಹಣಿ, ಪರೀಕ್ಷೆ ಫಾರ್ಮು, ರೀಚಾರ್ಜು. ಎರಡು ವರ್ಷದಿಂದ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಹುಡುಗರು ನೋಟು ತಂದು ಕೊಡುತ್ತಾರೆ, ನಾನು ನನ್ನ ಖಾತೆಯಿಂದ ಅವರ ಗೇಮಿಗೆ ನಾಣ್ಯ ಹಾಕಿಸಿ ಕೊಡುತ್ತೇನೆ. ಸಲಕ್ಕೆ ಹತ್ತು ರೂಪಾಯಿ ನನ್ನ ಕಮಿಷನ್. ಇದನ್ನು ಮೊದಲೇ ಹೇಳಿಬಿಟ್ಟೆ. ಇಲ್ಲಾಂದ್ರೆ ಕೊನೆಗೆ ಯಾರಾದರೂ "ನೀನೇನು ದೊಡ್ಡ ಸಾಚಾ" ಅಂತ ಕೇಳುತ್ತೀರಿ.

ನಮ್ಮದು ಮಗ್ಗದ ಊರು. ಬಟವಾಡೆ ಆದ ಸಂಜೆ ನನ್ನ ಅಂಗಡಿಯಲ್ಲಿ ಗದ್ದಲ. ಅದರಲ್ಲಿ ಒಬ್ಬ ಹುಡುಗ, ಇಪ್ಪತ್ತರ ಆಸುಪಾಸು, ಪವರ್‌ಲೂಮಿನಲ್ಲಿ ದುಡಿಯುತ್ತಾನೆ. ಪ್ರತಿ ಸಲ 300 ರೂಪಾಯಿ. "ಕಾಕಾ, ಈ ಸಲ ಬಂದ ಬರ್ತೈತ್ರಿ" ಅನ್ನುತ್ತಾನೆ. ಮೊನ್ನೆ ಲೈಟ್ ಹೋಗಿತ್ತು, ಮಾಡಲು ಕೆಲಸವಿರಲಿಲ್ಲ. ಸುಮ್ನೆ ಕೂತು ನನ್ನ ಉದ್ರಿ ಪುಸ್ತಕ ತಿರುವಿ ಹಾಕಿದೆ. ದೀಪಾವಳಿಯಿಂದ ಯುಗಾದಿಯವರೆಗೆ ಅವನ ಹೆಸರಿನ ಮುಂದೆ 38 ಸಲ ಬರೆದಿದ್ದೇನೆ. ಅಂದರೆ 11,400 ರೂಪಾಯಿ. ನನಗೆ ಸಿಕ್ಕಿದ್ದು 380. ಅವನಿಗೆ ಬೇಕಿದ್ದದ್ದು ಸಿಕ್ಕಿಲ್ಲ.

ಬೇಕಿದ್ದದ್ದು ಏನು? ಬಂದೂಕಿನ ಬಣ್ಣ. ಬಂದೂಕಲ್ಲ, ಅದರ ಮೇಲಿನ ಬಣ್ಣ ಮಾತ್ರ. ಸ್ಕಿನ್ ಅಂತಾರೆ. ಅದನ್ನು ನೇರವಾಗಿ ಮಾರುವುದಿಲ್ಲ. ಮಾರುವುದು ಪೆಟ್ಟಿಗೆ. ತೆರೆದರೆ ಏನು ಬೇಕಾದರೂ ಬರಬಹುದು, ಹೆಚ್ಚಾಗಿ ಬೇಡದ್ದೇ ಬರುತ್ತದೆ. ಹುಡುಗರ ಬಾಯಲ್ಲಿ ಕ್ರೇಟು, ಲೋಕದಲ್ಲಿ ಲೂಟ್ ಬಾಕ್ಸು. ಹೆಸರಲ್ಲೇ ಲೂಟಿ ಇದೆ, ಹೋಗಲಿ ಬಿಡಿ.

ಪುಸ್ತಕದ ಲೆಕ್ಕ ಹೇಳಿದಾಗ ಹುಡುಗ ನಕ್ಕ. "ಲೆಕ್ಕ ತಪ್ಪೈತ್ರಿ ಕಾಕಾ." ಒಂದೊಂದೇ ಗೆರೆ ತೋರಿಸಿದೆ. ಆಮೇಲೆ ನಗಲಿಲ್ಲ.

ಅವನ ಫೋನಿನಲ್ಲೇ ನೋಡಿದೆವು. ಪೆಟ್ಟಿಗೆಯ ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಗುಂಡು ಗುರುತು. ಒತ್ತಿದರೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಅದರೊಳಗೆ ಅವನ ಸ್ಕಿನ್ ಎದುರು ಶೇಕಡಾ 1 ಅಂತ ಇತ್ತು. ನಾಣ್ಯದ ಗಂಟು ಬಿಡಿಸಿ ನೋಡಿದರೆ ಪೆಟ್ಟಿಗೆಗೆ 50 ರೂಪಾಯಿ ಬೀಳುತ್ತದೆ. ಅಲ್ಲಿಗೆ ಅವನು ತೆರೆದದ್ದು 228 ಪೆಟ್ಟಿಗೆ.

"ನೂರಕ್ಕ ಒಂದು ಅಂದ್ರ ನೂರು ತಗದಾಗ ಒಮ್ಮೆರ ಬರಬೇಕಲ್ರಿ?" ಅಂದ. ಎಲ್ಲ ಹುಡುಗರೂ ಹೀಗೇ ತಿಳಿದಿದ್ದಾರೆ. ನಾನೂ ಅಷ್ಟು ದಿನ ಹಾಗೇ ತಿಳಿದಿದ್ದೆ.

ನಾವು ಸಣ್ಣವರಿದ್ದಾಗ ಸಾಲಿ ಮುಂದಿನ ಅಂಗಡಿಯಲ್ಲಿ ಚೀಟಿಯ ರಟ್ಟು ತೂಗುಬಿಡುತ್ತಿದ್ದರು. ನಾಲ್ಕಾಣೆ ಕೊಟ್ಟರೆ ಒಂದು ಚೀಟಿ ಹರಿಯಬಹುದು. ಒಳಗೆ ನಂಬರು, ನಂಬರಿಗೆ ತಕ್ಕ ಬಲೂನು, ಉಂಗುರ, ರಬ್ಬರ್ ಚೆಂಡು. ಆ ರಟ್ಟಿನಲ್ಲಿ ಒಂದು ನ್ಯಾಯ ಇತ್ತು. ಹರಿದ ಚೀಟಿ ಮತ್ತೆ ಅಂಟುತ್ತಿರಲಿಲ್ಲ. ಸೋತ ಚೀಟಿಗಳು ಖಾಲಿಯಾದಷ್ಟೂ ಚೆಂಡು ಹತ್ತಿರ ಬರುತ್ತಿತ್ತು. (ಅಂಗಡಿಯಾತ ಚೆಂಡಿನ ಚೀಟಿಯನ್ನು ಮೊದಲೇ ತೆಗೆದಿಟ್ಟಿರುತ್ತಿದ್ದ ಅನ್ನುವ ಅನುಮಾನ ನನಗೆ ಇವತ್ತಿಗೂ ಇದೆ.) ಗೇಮಿನ ಪೆಟ್ಟಿಗೆ ಹಾಗಲ್ಲ. ಅಲ್ಲಿ ಹರಿದ ಚೀಟಿ ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಅಂಟಿಕೊಳ್ಳುತ್ತದೆ. 228 ಸಲ ಸೋತವನಿಗೂ ಇವತ್ತು ಹೊಸದಾಗಿ ಬಂದವನಿಗೂ ಮುಂದಿನ ಪೆಟ್ಟಿಗೆಯಲ್ಲಿ ಅದೇ ನೂರಕ್ಕೆ ಒಂದು.

ಬಾಯಲ್ಲಿ ಹೇಳಿದರೆ ತಲೆಗೆ ಹೋಗಲಿಲ್ಲ. ಮನೆಯಿಂದ ಸ್ಟೀಲ್ ಡಬ್ಬಿ ತರಿಸಿದೆ. ನೂರು ಬಿಳಿಜೋಳದ ಕಾಳು ಎಣಿಸಿ ಹಾಕಿ, ಒಂದಕ್ಕೆ ಮಾರ್ಕರಿನಿಂದ ಕೆಂಪು ಬಳಿದೆ. ಕಣ್ಣು ಮುಚ್ಚಿ ಒಂದು ತೆಗಿ, ನೋಡು, ವಾಪಸ್ ಹಾಕು, ಅಲುಗಾಡಿಸು. ಮೊದಲು ಕೈ ಹಾಕಿದ ಇನ್ನೊಬ್ಬ ಹುಡುಗನಿಗೆ ಒಂಬತ್ತನೇ ಸಲಕ್ಕೇ ಕೆಂಪು ಬಂತು! ಕುಣಿದ. ಓಣಿಯೆಲ್ಲ ಕೇಳುವಂತೆ ಕೂಗಿದ. ನನ್ನ ಪಾಠ ಅಲ್ಲೇ ನೀರಾಯಿತು ಅಂದುಕೊಂಡೆ. ಆದರೆ ಅದೇ ಒಂದು ಪಾಠ ಅಲ್ವಾ? ಬಂದವನು ಕೂಗುತ್ತಾನೆ, ವಿಡಿಯೋ ಹಾಕುತ್ತಾನೆ. ಬರದವನು ಸುಮ್ಮನೆ ಮನೆಗೆ ಹೋಗುತ್ತಾನೆ.

ನಮ್ಮ ಮಗ್ಗದ ಹುಡುಗ ಆಮೇಲೆ ಕೂತ. ನೂರು ಸಲ ತೆಗೆದ. ಪೆನ್ನಿನಿಂದ ಗೀರು ಹಾಕುತ್ತ ನಾನೇ ಎಣಿಸಿದೆ. ಕೆಂಪು ಬರಲೇ ಇಲ್ಲ.

ಒಂದು ಪೆಟ್ಟಿಗೆಯಲ್ಲಿ ಸಿಗದಿರುವ ಸಾಧ್ಯತೆ ನೂರಕ್ಕೆ 99, ಅಂದರೆ 0.99. ಕ್ಯಾಲ್ಕುಲೇಟರಿನಲ್ಲಿ 0.99 ಒತ್ತಿ, ಬಂದದ್ದನ್ನು 0.99ರಿಂದಲೇ ಗುಣಿಸುತ್ತ ಹೋಗಿ. ನೂರು ಸಲಕ್ಕೆ 0.366 ಉಳಿಯುತ್ತದೆ. ಅಂದರೆ ನೂರು ಪೆಟ್ಟಿಗೆ ತೆರೆದ ನೂರು ಜನರಲ್ಲಿ ಹತ್ತಿರಹತ್ತಿರ 37 ಜನ ಬರಿಗೈ. ಅರ್ಧ ಜನಕ್ಕೆ ಸಿಗಲು 69 ಪೆಟ್ಟಿಗೆ, 3,450 ರೂಪಾಯಿ. 228 ಪೆಟ್ಟಿಗೆ ಆದಮೇಲೂ ಹತ್ತರಲ್ಲಿ ಒಬ್ಬನಿಗೆ ಸಿಕ್ಕಿರುವುದಿಲ್ಲ. ಆ ಹತ್ತನೆಯವನು ನನ್ನೆದುರು ಸ್ಟೂಲಿನ ಮೇಲೆ ಕೂತಿದ್ದ. ಸರಾಸರಿ ಹಿಡಿದರೆ ಆ ಬಣ್ಣದ ಬೆಲೆ 5,000 ರೂಪಾಯಿ. ಅಷ್ಟಕ್ಕೆ ಒಳ್ಳೆಯ ಇಳಕಲ್ ಸೀರೆ ಬರುತ್ತದೆ.

ಕೆಲವು ಗೇಮುಗಳಲ್ಲಿ ಇಷ್ಟು ಸಲ ತೆರೆದರೆ ಗ್ಯಾರಂಟಿ ಅಂತ ಇರುತ್ತದೆ. ಅದು ಸ್ವಲ್ಪ ವಾಸಿ. ಆದರೆ ಅಲ್ಲೂ ಮೆಲ್ಲಗೆ ಓದಬೇಕು. ಜೆನ್ಶಿನ್ ಇಂಪ್ಯಾಕ್ಟ್ ಅನ್ನುವ ಗೇಮಿನಲ್ಲಿ ಮೇಲಿನ ದರ್ಜೆಯ ಪಾತ್ರ ಸಿಗುವ ಸಾಧ್ಯತೆ ಶೇಕಡಾ 0.6. 90ನೇ ಸಲಕ್ಕೆ ಖಚಿತ. ಆದರೆ ನಿಮಗೆ ಬೇಕಾದ ಪಾತ್ರವೇ ಬರುತ್ತದೆ ಅಂತಿಲ್ಲ. ಅದು ತಪ್ಪಿದರೆ ಮತ್ತೆ ಮೊದಲಿಂದ, 180ರವರೆಗೂ ಹೋಗಬಹುದು.

ಹಾಗಾದರೆ ಇದು ಜೂಜೇ? ನಮ್ಮ ಕಡೆ ಓಸಿ, ಅಂದರೆ ಮಟ್ಕಾ ನಂಬರು, ಬರೆಸುವುದು ಯಾರಿಗೆ ಗೊತ್ತಿಲ್ಲ. ಒಂದಕ್ಕೆ ಎಂಬತ್ತು ಅಂತಾರೆ. 00ರಿಂದ 99ರವರೆಗೆ ನೂರು ನಂಬರು. ನೂರಕ್ಕೂ ಒಂದೊಂದು ರೂಪಾಯಿ ಹಾಕಿದರೆ ಎಂಬತ್ತು ವಾಪಸ್, ಇಪ್ಪತ್ತು ಬರೆದುಕೊಳ್ಳುವವನ ಜೇಬಿಗೆ. ಅದರಿಂದ ಮನೆ ಮುಳುಗುತ್ತದೆ ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ಗೇಮಿನ ಪೆಟ್ಟಿಗೆಯಲ್ಲಿ ಗೆದ್ದರೂ ರೊಕ್ಕ ಬರುವುದಿಲ್ಲ. ಇದನ್ನು ಹೇಳಿದರೆ ಹುಡುಗ, "ಕಾಕಾ, ಸಿನಿಮಾಕ್ಕ ಹೋದ್ರ ರೊಕ್ಕ ವಾಪಸ್ ಬರ್ತಾವೇನ್ರಿ?" ಅಂದ. ಮಾತು ಖರೆ. ಖುಷಿಗೆ ಖರ್ಚು ಮಾಡುವುದನ್ನು ಬೇಡ ಅನ್ನಲು ನಾನ್ಯಾರು? ಆದರೆ ಸಿನಿಮಾ ಟಿಕೆಟಿನ ಮೇಲೆ ಬೆಲೆ ಬರೆದಿರುತ್ತದೆ.

ನನ್ನ ತಕರಾರು ಅಷ್ಟೇ. ಶೇಕಡಾ ಎಷ್ಟು ಅಂತ ಬರೆದರೆ ಸಾಲದು, ರೂಪಾಯಿ ಬರೆಯಿರಿ. ಚೀನಾ 2017ರಲ್ಲೇ ಸಾಧ್ಯತೆ ಪ್ರಕಟಿಸಿ ಅಂತ ಕಡ್ಡಾಯ ಮಾಡಿತು, ಅದೇ ವರ್ಷದ ಕೊನೆಗೆ ಆ್ಯಪಲ್ ತನ್ನ ಆ್ಯಪ್ ಸ್ಟೋರಿನಲ್ಲೂ ಅದೇ ನಿಯಮ ತಂದಿತು. ಬೆಲ್ಜಿಯಂ 2018ರಲ್ಲಿ ಇದು ಜೂಜೇ ಅಂತ ತೀರ್ಮಾನಿಸಿತು. ನನಗೆ ಜಾಸ್ತಿ ಹಿಡಿಸಿದ್ದು ಅಮೆರಿಕದ್ದು. 2025ರ ಜನವರಿಯಲ್ಲಿ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಜೆನ್ಶಿನ್ ಕಂಪನಿ ನಡುವೆ 2 ಕೋಟಿ ಡಾಲರಿನ ರಾಜಿ ಆಯಿತು. ಷರತ್ತು ಹೀಗಿತ್ತು: ಹದಿನಾರು ತುಂಬದವರಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಪೆಟ್ಟಿಗೆ ಮಾರಬಾರದು. ನಾಣ್ಯದಲ್ಲಷ್ಟೇ ಅಲ್ಲ, ನೇರ ದುಡ್ಡಿನಲ್ಲೂ ಕೊಳ್ಳಲು ದಾರಿ ಇರಬೇಕು. ನಾಣ್ಯಕ್ಕೆ ಎಷ್ಟು ದುಡ್ಡು ಅಂತ ತಿಳಿಸಬೇಕು.

ಈ ನಾಣ್ಯದ ಆಟ ಇದೆಯಲ್ಲ, ಅದೇ ದೊಡ್ಡ ಕಣ್ಕಟ್ಟು. ಇನ್ನೊಂದು ಗೇಮಿನಲ್ಲಿ ಪೆಟ್ಟಿಗೆಗೆ 60 ನಾಣ್ಯ, ಮಾರುವುದು 100ರ ಕಟ್ಟು. ಮೊದಲ ಪೆಟ್ಟಿಗೆಗೇ 40 ಉಳಿಯುತ್ತದೆ. ಉಳಿದದ್ದು ಹಾಳಾಗಬಾರದು ಅಂತ ಮತ್ತೆ ನೂರು. ಹೊಲಿಗೆಯವನು ಬೇಕಂತಲೇ ಬಟ್ಟೆ ಕಮ್ಮಿ ಹೇಳಿದ ಹಾಗೆ.

ನಮ್ಮಲ್ಲಿ 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ರಮ್ಮಿಯವರು ಸುಮ್ಮನಾದರು. ಪೆಟ್ಟಿಗೆಗಳು ಮಾತ್ರ ನನ್ನ ಗಿರಾಕಿಗಳ ಫೋನಿನಲ್ಲಿ ಹಾಗೇ ಇವೆ.

ಸಾಲಿ ಹುಡುಗರಿಗೆ ನಾಣ್ಯ ಹಾಕುವುದನ್ನು ನಿಲ್ಲಿಸಿದ್ದೇನೆ. ದುಡಿಯುವವರಿಗೆ ಇಲ್ಲ ಅನ್ನುವುದಿಲ್ಲ. ಆದರೆ ಸ್ಕ್ಯಾನರಿನ ಪಕ್ಕ ಒಂದು ಹಾಳೆ ಅಂಟಿಸಿದ್ದೇನೆ: "ಪೆಟ್ಟಿಗೆ 50 ರೂ. ನೂರಕ್ಕೆ ಒಂದು. ಸಿಗುವ ಹೊತ್ತಿಗೆ ಸರಾಸರಿ 5,000 ರೂ. ಸಿಗದೆಯೂ ಇರಬಹುದು." ಕೆಳಗೆ ಜೋಳದ ಡಬ್ಬಿ ಇಟ್ಟಿದ್ದೇನೆ, ಯಾರು ಬೇಕಾದರೂ ಕೈ ಹಾಕಬಹುದು.

ಕಳೆದ ಬಟವಾಡೆಗೆ ಅವನು ಬಂದ. 300 ರೂಪಾಯಿ ಕೈಯಲ್ಲೇ ಇತ್ತು. ಹಾಳೆ ಓದಿದ, ಡಬ್ಬಿಯಲ್ಲಿ ಕೈ ಹಾಕಿ ಒಂದು ಕಾಳು ತೆಗೆದ. ಬಿಳಿ. ಮತ್ತೊಂದು. ಅದೂ ಬಿಳಿ. "ನೂರದ್ದಷ್ಟ ಹಾಕ್ರಿ ಕಾಕಾ" ಅಂದ. ಹಾಕಿದೆ.