ಮರ ಒದೆಯುವ ‘ನರ್ತಕಿ’

ಭಾನುವಾರ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿ ರಕ್ತದೊತ್ತಡ ಏರಿಸಿಕೊಂಡು ಬಂದೆ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಬೈಗುಳ ಬೀಳುವುದು ಬಾಗಿಲಲ್ಲಿದ್ದ ಕಾವಲುಗಾರನಿಗೆ. ಅಲ್ಲಿ ನೆಟ್ಟಗೆ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ.

ಒಂದು ಶಿಲ್ಪ. ಹೆಣ್ಣೊಬ್ಬಳು ಕೊಂಬೆ ಹಿಡಿದು, ಕಾಲೆತ್ತಿ ಮರದ ಬುಡಕ್ಕೆ ತಾಗಿಸಿದ್ದಾಳೆ. ಕೆಳಗೆ ಫಲಕ: ‘ನರ್ತಕಿ. ಕಲ್ಲು.’ ಕಲ್ಲೆಂಬುದು ನಮಗೆ ಕಾಣದೇ? ಪಕ್ಕದಲ್ಲಿದ್ದ ಹುಡುಗನೊಬ್ಬ, ‘ಅವಳು ಮರವನ್ನು ಯಾಕೆ ಒದೆಯುತ್ತಿದ್ದಾಳೆ?’ ಎಂದು ಕೇಳಿದ. ಅಪ್ಪ ಫಲಕ ಓದಿ, ‘ಕುಣಿಯುತ್ತಿದ್ದಾಳೆ’ ಎಂದ. ಹುಡುಗ ಸರಿಯಾಗಿಯೇ ನೋಡಿದ್ದ. ಫಲಕ ಅವನ ಬಾಯಿ ಮುಚ್ಚಿಸಿತು.

ಅದು ದೋಹದ! ಸುಂದರಿಯ ಕಾಲು ತಾಗಿದರೆ ಅಶೋಕ ಹೂ ಬಿಡುತ್ತದೆಂಬ ಕವಿಸಮಯ, ಕವಿಗಳೆಲ್ಲ ಒಪ್ಪಿಕೊಂಡು ಬಂದ ಕಲ್ಪನೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ರಾಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿರುತ್ತಾಳೆ, ಮರ ಒದೆಯುವ ಕೆಲಸ ಮಾಲವಿಕೆಯ ಪಾಲಿಗೆ ಬರುತ್ತದೆ. ಇಷ್ಟನ್ನು ಮೂರು ಸಾಲಿನಲ್ಲಿ ಬರೆಯಲು ಏನು ಕಷ್ಟ? ಸಂಗ್ರಹಾಲಯದ ಕುರ್ಚಿಯಲ್ಲಿ ಓದಿದವರು ಕೂರಬೇಕೆಂದು ನಾನು ಹೇಳುವುದು ಇದಕ್ಕೇ.

ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿಯವರ ನೆನಪಾಗಿ ಹೊಟ್ಟೆ ಇನ್ನಷ್ಟು ಉರಿಯಿತು. ಹುಟ್ಟಿದ್ದು 1909ರಲ್ಲಿ. ಸಂಸ್ಕೃತ ಅರಗಿಸಿಕೊಂಡಿದ್ದ, ಶಾಸನ ಓದಬಲ್ಲ ಮನುಷ್ಯ. ಮದ್ರಾಸಿನ ಸರ್ಕಾರಿ ಮ್ಯೂಸಿಯಂನಲ್ಲಿದ್ದಾಗ ಆಂಧ್ರದ ಬೌದ್ಧ ನೆಲೆ ಅಮರಾವತಿಯ ಶಿಲ್ಪಗಳ ಬಗ್ಗೆ 1942ರಲ್ಲಿ ಹೊರತಂದ ಗ್ರಂಥವನ್ನು ತೆರೆದು ನೋಡಿ. ಬುದ್ಧನ ಕಥೆಗಳಷ್ಟೇ ಅಲ್ಲ. ಆ ಕಲ್ಲಿನ ಜನ ತೊಟ್ಟ ಒಡವೆ, ಕಟ್ಟಿದ ತುರುಬು, ಕುಳಿತ ಪೀಠ, ಹಿಡಿದ ಆಯುಧ, ಒಂದನ್ನೂ ಬಿಟ್ಟಿಲ್ಲ. ಕಾವ್ಯದಲ್ಲಿ ಬಂದ ಹೆಸರನ್ನು ಕಲ್ಲಿನಲ್ಲಿ ಕಂಡ ವಸ್ತುವಿನ ಪಕ್ಕ ಇಟ್ಟು ನೋಡುವುದು ಅವರ ರೀತಿ. ಮದ್ರಾಸಿನ ನಂತರ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ, ಆಮೇಲೆ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ. ಕೊನೆಗೆ ಅದರ ನಿರ್ದೇಶಕರ ಕುರ್ಚಿ. ಕುರ್ಚಿ ಬಿಟ್ಟ ಮೇಲೂ ಕೂರಲಿಲ್ಲ. ನಟರಾಜನ ಕುರಿತ ದೊಡ್ಡ ಗ್ರಂಥ ಬಂದದ್ದು 1974ರಲ್ಲಿ. ಮರುವರ್ಷ ಪದ್ಮಭೂಷಣ.

‘ಪಾಂಡಿತ್ಯ ಬೇರೆ, ಆಡಳಿತ ಬೇರೆ; ಸೋರುವ ಸೂರಿಗೆ ಕಾಳಿದಾಸ ಟೆಂಡರ್ ಕರೆಯುತ್ತಾನೆಯೇ?’ ಎನ್ನುವವರಿದ್ದೀರಿ. ಗೊತ್ತು, ನಿಮ್ಮಲ್ಲಿ ಇಬ್ಬರು ಈಗಾಗಲೇ ಬೆರಳು ಮಸೆಯುತ್ತಿದ್ದೀರಿ. ಅದೇ ರಾಷ್ಟ್ರೀಯ ಸಂಗ್ರಹಾಲಯದ ಮೊದಲ ನಿರ್ದೇಶಕಿ ಗ್ರೇಸ್ ಮೋರ್ಲಿ ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದವರು. ದೆಹಲಿಗೆ ಬರುವ ಮುನ್ನ ಸ್ಯಾನ್ ಫ್ರಾನ್ಸಿಸ್ಕೋದ ಕಲಾ ಸಂಗ್ರಹಾಲಯವನ್ನು ಇಪ್ಪತ್ತು ವರ್ಷಕ್ಕೂ ಮೀರಿ ನಡೆಸಿದ್ದರು. ಓದಿದವರಿಗೆ ಲೆಕ್ಕ ಬರುವುದಿಲ್ಲವೆಂದು ಕಂಡುಹಿಡಿದವರು ಯಾರೋ! ಮತ್ತೆ, ನಾನು ನೋಡಿದಲ್ಲಿ ಸೂರೂ ಸೋರುತ್ತಿತ್ತು.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹಿಂದೊಮ್ಮೆ ನಾನೂ ಒಂದು ಸಂಗ್ರಹಾಲಯದಲ್ಲಿ ತಾತ್ಕಾಲಿಕ ನೌಕರಿಯಲ್ಲಿದ್ದೆ. ಆಗ ಫಲಕ ಬರೆಯುವ ಕೆಲಸ ನನ್ನದೂ ಆಗಿತ್ತು. ಗುರುತು ಸಿಗದ ಹೆಣ್ಣು ಶಿಲ್ಪಗಳಿಗೆಲ್ಲ ಸಂಜೆ ಬಸ್ಸಿನ ಅವಸರದಲ್ಲಿ ‘ಅಪ್ಸರೆ’ ಎಂದು ಬರೆದು ಕೈತೊಳೆದುಕೊಂಡಿದ್ದೇನೆ. ಕೇಳಬೇಕಾದ ಮೇಲಧಿಕಾರಿಗೆ ಅಪ್ಸರೆಗೂ ಯಕ್ಷಿಗೂ ವ್ಯತ್ಯಾಸ ಬೇಕಿರಲಿಲ್ಲ. ಶಿವರಾಮಮೂರ್ತಿಯಂಥವರು ಮೇಲೆ ಕುಳಿತಿದ್ದರೆ ನನ್ನನ್ನು ಆ ಬಸ್ಸು ಹತ್ತಲು ಬಿಡುತ್ತಿದ್ದರೇ?

ಬರುವಾಗ ಸಲಹಾ ಪುಸ್ತಕದಲ್ಲಿ ದೋಹದದ ಬಗ್ಗೆ ಪುಟ ತುಂಬ ಬರೆದಿದ್ದೇನೆ. ಹಿಂದಿನ ಪುಟದಲ್ಲಿದ್ದದ್ದು ಶೌಚಾಲಯದ ಚಿಲಕದ ದೂರು. ಅದಾದರೂ ಸರಿಹೋಗಲಿ.