ಅಹ್ಮದ್ ಖಾನ್ ಅವರ ಊರಿನವರು ನಾವು

ನಿನ್ನೆ ಸಂಜೆ ಬೆಂಗಳೂರು ಎಫ್‌ಸಿ ಮತ್ತು ಕೋಲ್ಕತ್ತಾದ ಈಸ್ಟ್ ಬೆಂಗಾಲ್ ನಡುವಿನ ಫುಟ್‌ಬಾಲ್ ಪಂದ್ಯ ನೋಡಲು ಹೋಗಿದ್ದೆ. ಪಂದ್ಯದ ವಿಚಾರ ಬರೆಯುವ ಮನಸ್ಸಿಲ್ಲ. ವಿರಾಮದ ವೇಳೆಯಲ್ಲಿ ಚಹಾಕ್ಕೆಂದು ನಿಂತಿದ್ದಾಗ, ಕೆಂಪು ಮತ್ತು ಹೊಂಬಣ್ಣದ ಶಾಲು ಹೊದ್ದಿದ್ದ, ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ನನ್ನ ಬಳಿ ಬಂದು, ನಾನು ಇದೇ ಊರಿನವನೇ ಎಂದು ಮೊದಲು ಖಚಿತಪಡಿಸಿಕೊಂಡು, ಬಹಳ ಸಂಕೋಚದಿಂದ ಒಂದು ಪ್ರಶ್ನೆ ಕೇಳಿದರು: "ಅಹ್ಮದ್ ಖಾನ್ ಅವರ ಸಮಾಧಿ ಎಲ್ಲಿದೆ, ನಿಮಗೆ ಗೊತ್ತೆ?" ನನ್ನನ್ನು ಕೇಳುವ ಮೊದಲು ಅವರು ಆರೇಳು ಮಂದಿಯನ್ನು ಕೇಳಿದ್ದರಂತೆ. ಒಬ್ಬರು ಯಾವ ಅಹ್ಮದ್ ಖಾನ್ ಎಂದರಂತೆ. ಇನ್ನೊಬ್ಬರು ಅವರು ಕ್ರಿಕೆಟ್ ಆಡುತ್ತಿದ್ದರೇ ಎಂದು ಕೇಳಿದರಂತೆ. ದೂರುವ ಧ್ವನಿಯಲ್ಲಿ ಅವರು ಇದನ್ನು ಹೇಳಲಿಲ್ಲ. ಆದರೆ ನನಗೆ ತಲೆ ತಗ್ಗಿಸುವಂತಾಯಿತು, ಏಕೆಂದರೆ ನನಗೂ ಗೊತ್ತಿರಲಿಲ್ಲ.

ಅವರು ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಒಂದು ಜೆರಾಕ್ಸ್ ಪ್ರತಿಯನ್ನು ತೆಗೆದರು. ಸಾಲಾಗಿ ಕುಳಿತ ಈಸ್ಟ್ ಬೆಂಗಾಲ್‌ನ ಐವರು ಆಟಗಾರರ ಚಿತ್ರ ಅದು. ಪದೇ ಪದೇ ಮಡಿಸಿದ್ದರಿಂದ ನಡುವೆ ಬಿಳಿಯ ಗೆರೆ ಮೂಡಿ, ಇಬ್ಬರ ಮೊಣಕಾಲುಗಳು ಅಳಿಸಿಹೋಗಿದ್ದವು. ಅವರು ಬೆರಳಿಟ್ಟು ಒಬ್ಬೊಬ್ಬರನ್ನೇ ಹೆಸರಿಸಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಕೋಲ್ಕತ್ತಾದಲ್ಲಿ ಇವರನ್ನು ಪಂಚಪಾಂಡವರು ಎಂದು ಕರೆದರು, ಇಂದಿಗೂ ಹಾಗೆಯೇ ಕರೆಯುತ್ತಾರೆ. ಅಹ್ಮದ್ ಖಾನ್ ಅವರ ಹೆಸರಿಗೆ ಬಂದಾಗ ಆ ಹಿರಿಯರ ಬೆರಳು ಚಿತ್ರದಲ್ಲಿನ ಪಾದದ ಮೇಲೆ ನಿಂತಿತು. ಕಣಕಾಲಿಗೆ ಸುತ್ತಿದ ಬ್ಯಾಂಡೇಜು, ಅದರ ಕೆಳಗೆ ಬರಿಯ ಬೆರಳುಗಳು. "ನಾನು ನೋಡುವ ಹೊತ್ತಿಗೆ ಬೂಟು ಬಂದಿತ್ತು. ಬರಿಗಾಲಿನ ಆಟವನ್ನು ಕಂಡವನು ನನ್ನ ಅಣ್ಣ. ಅವನು ಸಾಯುವವರೆಗೂ ಆ ವಿಷಯದಲ್ಲಿ ನನಗಿಂತ ತಾನೇ ದೊಡ್ಡವನು ಎನ್ನುತ್ತಿದ್ದ" ಎಂದರು.

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಇದೇ ಬೆಂಗಳೂರಿನಲ್ಲಿ. ತೀರಿಕೊಂಡಿದ್ದು 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ, ಅದೂ ಇದೇ ಊರಿನಲ್ಲಿ. ಇವೆರಡರ ನಡುವೆ ಅವರು ಎರಡು ಒಲಿಂಪಿಕ್ಸ್ ಆಡಿದರು. 1948ರಲ್ಲಿ ಲಂಡನ್ನಿನ ಅಂಚಿನ ಇಲ್‌ಫರ್ಡ್‌ನಲ್ಲಿ, ಸ್ವತಂತ್ರ ಭಾರತದ ತಂಡ ತನ್ನ ಮೊದಲ ಒಲಿಂಪಿಕ್ಸ್ ಪಂದ್ಯಕ್ಕೆ ಫ್ರಾನ್ಸ್ ಎದುರು ಇಳಿದಾಗ ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ, ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು 1-2ರಿಂದ ಸೋತೆವು. ಅಂದು ನಮ್ಮ ಒಂದೇ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಈ ಊರಿನವರೇ. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯಿಂದ ಬಂದದ್ದು ಒಂದೇ, ಅದನ್ನು ಹೊಡೆದವರು ಅಹ್ಮದ್ ಖಾನ್. ನಡುವೆ 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು. ಎದುರಾಳಿಯ ಕಾಲ ಸಂದಿಯಿಂದ ಚೆಂಡನ್ನು ನುಸುಳಿಸಿಕೊಂಡು ಹೋಗುತ್ತಿದ್ದ ಪರಿಯನ್ನು ಕಂಡವರು ಅವರಿಗೆ ಹಾವಾಡಿಗ ಎಂಬ ಹೆಸರನ್ನಿಟ್ಟಿದ್ದರು.

ಇಷ್ಟೆಲ್ಲ ಆಗಿರುವ ಮನುಷ್ಯನ ಗುರುತನ್ನು ಅವರ ಊರಿನಲ್ಲಿ ಹುಡುಕಲು ಎರಡು ಸಾವಿರ ಕಿಲೋಮೀಟರ್ ದೂರದಿಂದ ಬಂದವರು ಆರೇಳು ಮಂದಿಯನ್ನು ಕೇಳಿ, ಎಲ್ಲರಿಂದಲೂ ಬರಿಗೈಯಲ್ಲಿ ಹಿಂತಿರುಗಬೇಕಾಯಿತು ಎಂಬುದು ನನಗೆ ನಿನ್ನೆಯಿಂದ ನುಂಗಲಾರದ ತುತ್ತಾಗಿದೆ.

ಕೋಲ್ಕತ್ತಾದವರಿಗೆ ಅವರೇಕೆ ಅಷ್ಟು ಪ್ರಿಯರು ಎಂಬುದನ್ನು ಆ ಹಿರಿಯರು ಚಹಾ ಆರುವವರೆಗೂ ಹೇಳಿದರು. ಈಸ್ಟ್ ಬೆಂಗಾಲ್ 1920ರಲ್ಲಿ ಹುಟ್ಟಿದ ಕ್ಲಬ್ಬು, ಪೂರ್ವ ಬಂಗಾಳದ ಜನರ ಅಭಿಮಾನದ ಕೂಸು. ದೇಶ ಒಡೆದು, ಮನೆಮಠ ಬಿಟ್ಟು, ಸಿಯಾಲ್ದಾ ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆಯೂ ಊರಾಚೆಯ ಕಾಲೊನಿಗಳಲ್ಲಿಯೂ ಬಂದು ಬಿದ್ದ ಲಕ್ಷಾಂತರ ಜನರಿಗೆ, ಕಳೆದುಹೋದ ಊರಿನ ಹೆಸರನ್ನು ತಲೆ ಎತ್ತಿ ಕೂಗಲು ಉಳಿದಿದ್ದ ಜಾಗ ಆ ಮೈದಾನವೊಂದೇ. ಆ ದಿನಗಳಲ್ಲಿಯೇ, 1949, 1950, 1951, ಸತತ ಮೂರು ವರ್ಷ ಈಸ್ಟ್ ಬೆಂಗಾಲ್ ಕೋಲ್ಕತ್ತಾದ ಹೆಸರಾಂತ ಟೂರ್ನಿಯಾದ ಐಎಫ್‌ಎ ಶೀಲ್ಡ್ ಗೆದ್ದಿತು. ಗೆದ್ದ ದಿನ ಮನೆಯಲ್ಲಿ ದುಡ್ಡಿರಲಿ ಬಿಡಲಿ, ಆ ಹಿರಿಯರ ಅಪ್ಪ ಹೇಗಾದರೂ ಮಾಡಿ ಒಂದು ಹಿಲ್ಸಾ ಮೀನು ತರುತ್ತಿದ್ದರಂತೆ. ಆ ಗೆಲುವುಗಳನ್ನು ತಂದುಕೊಟ್ಟ ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ, ಎಲ್ಲರೂ ದಕ್ಷಿಣದವರು. ಮತೀಯ ಗಲಭೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದ ಹಿಂದೂ ನಿರಾಶ್ರಿತರು, ಬೆಂಗಳೂರಿನ ಒಬ್ಬ ಮುಸ್ಲಿಂ ಹುಡುಗನನ್ನು ತಮ್ಮ ಮನೆಮಗನೆಂದು ಎದೆಗೆ ಅಪ್ಪಿಕೊಂಡರು. "ನಮ್ಮ ತಾಯಿ ಆಟ ನೋಡಿದವಳಲ್ಲ. ಆದರೆ ಅಹ್ಮದನಿಗೆ ಪೆಟ್ಟಾಗಿದೆ ಎಂದು ಕೇಳಿದರೆ ಅವಳ ಮುಖ ಸಪ್ಪಗಾಗುತ್ತಿತ್ತು" ಎಂದು ಅವರು ಹೇಳಿದಾಗ ನಾನು ಏನನ್ನೂ ಹೇಳಲಾರದೆ ನಿಂತೆ.

ನನ್ನ ಗೆಳೆಯರಿಗೆ ನಮ್ಮ ಅಜ್ಜನ ಫುಟ್‌ಬಾಲ್ ಹುಚ್ಚಿನ ಬಗ್ಗೆ ಗೊತ್ತಿದೆ. ಅಹ್ಮದ್ ಖಾನ್ ಕೋಲ್ಕತ್ತಾಕ್ಕೆ ಹೋಗುವ ಮೊದಲು ಅವರ ಆಟವನ್ನು ಬೆಂಗಳೂರಿನಲ್ಲಿ ನೋಡಿದ್ದ ಅಜ್ಜ, ಊಟವಾದ ಮೇಲೆ ಪಡಸಾಲೆಯ ಕೆಂಪು ಗಾರೆ ನೆಲದ ಮೇಲೆ ಒಂದು ನಿಂಬೆಹಣ್ಣನ್ನಿಟ್ಟು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಅಂಗಾಲಿನ ಕೆಳಗೆ ಅದನ್ನು ಹಿಂದಕ್ಕೆಳೆದು, ಹೆಬ್ಬೆರಳಿನ ಬದಿಯಿಂದ ಪಕ್ಕಕ್ಕೆ ಜಾರಿಸಿ ತೋರಿಸುತ್ತಿದ್ದರು. ಬೂಟು ಹಾಕಿದ ಕಾಲಿಗೆ ಚೆಂಡು ತಾಗುತ್ತದೆ ಅಷ್ಟೆ, ಬರಿಗಾಲಿಗೆ ಚೆಂಡು ತಿಳಿಯುತ್ತದೆ ಎಂಬುದು ಅಜ್ಜನ ಮಾತು. ಆ ನಿಂಬೆಹಣ್ಣು ನನ್ನ ಕಾಲಿನ ಕೆಳಗೆ ಒಮ್ಮೆಯೂ ಹಾಗೆ ಹೊರಳಲಿಲ್ಲ.

ಹೀಗಿದ್ದೂ ನಾನು ಮಾಡಿದ್ದೇನು ಎಂಬುದನ್ನು ಇಲ್ಲಿ ಹೇಳಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಆ ಮನುಷ್ಯ ನನ್ನದೇ ಊರಿನಲ್ಲಿ 2017ರವರೆಗೆ ಬದುಕಿದ್ದರು. ಒಮ್ಮೆ ಹೋಗಿ ನೋಡಿ ಬರಬೇಕು, ಅಜ್ಜನ ಹೆಸರು ಹೇಳಿ ಒಂದು ನಮಸ್ಕಾರ ಮಾಡಬೇಕು ಎಂದು ವರ್ಷಗಟ್ಟಲೆ ಅಂದುಕೊಂಡೆ. ಕೊನೆಗೆ ಸಾವಿನ ಸುದ್ದಿಯನ್ನು ಮೊಬೈಲಿನಲ್ಲಿ ಓದಿದೆ. ಅಂತಿಮ ದರ್ಶನಕ್ಕೂ ಹೋಗಲಿಲ್ಲ. ಎಲ್ಲಿ ಮಣ್ಣು ಮಾಡಿದರು ಎಂದು ಯಾರನ್ನೂ ಕೇಳಲಿಲ್ಲ. ಅಂದು ನಾನು ಕೇಳದೇ ಬಿಟ್ಟಿದ್ದನ್ನು ನಿನ್ನೆ ಕೋಲ್ಕತ್ತಾದ ಹಿರಿಯರು ನನ್ನನ್ನೇ ಕೇಳಿದರು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತಿದೆ, ನಿನ್ನೆ ರಾತ್ರಿಯೇ ಒಬ್ಬ ಗೆಳೆಯ ಹೇಳಿದ. ಅವರು ಹೆಸರು ಮಾಡಿದ್ದು ಕೋಲ್ಕತ್ತಾದಲ್ಲಿ, ನೆನಪಿಡಬೇಕಾದವರೂ ಅಲ್ಲಿನವರೇ, ನಮ್ಮದು ಫುಟ್‌ಬಾಲಿನ ನಾಡೇ ಅಲ್ಲ ಎಂದ. ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ, ಎರಡನೆಯದನ್ನು ಖಂಡಿತ ಒಪ್ಪಲಾರೆ. ಮುಂಬೈಯ ಹಳೆಯ ಟೂರ್ನಿಯಾದ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಡೆಗಳ ಕೈಯಿಂದ ಮೊದಲ ಬಾರಿಗೆ ಕಿತ್ತುಕೊಂಡ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ತಂಡ ನಾಲ್ಕು ಬಾರಿ ಗೆದ್ದಿದೆ. ಆ ನಾಲ್ಕನೆಯ ಗೆಲುವಿನ 54 ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ, ನಮ್ಮ ಹುಡುಗರು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮತ್ತೆ ತಂದರು. ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋಗಿ ನೋಡಿ, ಅಲ್ಲಿನ ಜನ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಸಾಲಿನಲ್ಲಿ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಆ ಗಲ್ಲಿಗಳ ಪ್ರೀತಿಗೆ ನಾನು ಕೈಮುಗಿಯುತ್ತೇನೆ. ಸಾವಿರಾರು ಮೈಲಿ ದೂರದ ಬ್ರೆಜಿಲ್‌ನ ಸಾಂತೋಸಿನ ಆಟಗಾರನಿಗೆ ತಮ್ಮ ಬೀದಿಯಲ್ಲಿ ಜಾಗ ಕೊಟ್ಟ ಜನರಿರುವ ಊರಿನಲ್ಲಿ ಫುಟ್‌ಬಾಲಿಗೆ ನೆಲೆಯಿಲ್ಲ ಎಂದರೆ ಯಾರು ನಂಬಬೇಕು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹೇಳಿ ಸುಮ್ಮನಾಗುವುದು ಸುಲಭ, ಆದರೆ ಗಿಡವನ್ನು ಮರೆತವರು ನಾವು ಎಂಬುದು ಅದರಿಂದ ಬದಲಾಗುವುದಿಲ್ಲ.

ಇದು ಒಬ್ಬರ ಕಥೆಯೂ ಅಲ್ಲ. 1984ರ ಏಷ್ಯನ್ ಕಪ್‌ನಲ್ಲಿ ಆಡಿದ ಬಾಬು ಮಣಿ ಬೆಂಗಳೂರಿನ ಹುಡುಗ. ಕೋಲ್ಕತ್ತಾದ ಮೂರೂ ದೊಡ್ಡ ಕ್ಲಬ್ಬುಗಳಿಗೆ ಆಡಿದವರು. 2022ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ನನಗೆ ಕಂಬನಿಯ ಸಂದೇಶಗಳು ಬಂದಿದ್ದು ಕೋಲ್ಕತ್ತಾದ ಪರಿಚಯದವರಿಂದಲೇ. ನಮ್ಮಲ್ಲಿ ಅಂದು ಎಷ್ಟು ಜನ ಅವರ ಹೆಸರೆತ್ತಿದೆವು? ನಾನೂ ಎತ್ತಿರಲಿಲ್ಲ.

ಆ ಹಿರಿಯರ ಜೊತೆ ಅವರ ಮೊಮ್ಮಗನೂ ಬಂದಿದ್ದ, ಹನ್ನೊಂದು ಹನ್ನೆರಡು ವರ್ಷದವನು. ತಾತ ಚಿತ್ರವನ್ನು ಮಡಿಸುತ್ತಿರುವಾಗ, ಅವನು ಅದರ ಕಡೆ ನೋಡದೆಯೇ ಎಡದಿಂದ ಬಲಕ್ಕೆ ಐವರ ಹೆಸರನ್ನೂ ಪದ್ಯದಂತೆ ಒಪ್ಪಿಸಿದ. ಆ ವಯಸ್ಸಿನ ನಮ್ಮ ಮನೆಯ ಮಗುವಿಗೆ ನಾನು ಇಲ್ಲಿಯವರೆಗೆ ಒಂದು ಹೆಸರನ್ನೂ ಹೇಳಿಕೊಟ್ಟಿಲ್ಲ. ನಿನ್ನೆ ಮನೆಗೆ ಬಂದವನೇ ಅಡುಗೆಮನೆಯಿಂದ ನಿಂಬೆಹಣ್ಣು ತಂದು ನೆಲಕ್ಕಿಟ್ಟೆ.

ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಗೆಳೆಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಅಹ್ಮದ್ ಖಾನ್ ಅವರ ಆಟವನ್ನು ಕಣ್ಣಾರೆ ಕಂಡ ಹಿರಿಯರು ಯಾರಾದರೂ ಉಳಿದಿದ್ದರೆ ನನಗೆ ತಿಳಿಸಿ, ನಾನೇ ಬಂದು ಅವರ ಮುಂದೆ ಕುಳಿತು ಬರೆದುಕೊಳ್ಳುತ್ತೇನೆ. ಅವರನ್ನು ಮಣ್ಣು ಮಾಡಿದ ಜಾಗ ಬಲ್ಲವರು ದಯವಿಟ್ಟು ದಾರಿ ಹೇಳಿ. ಆ ತಾತ ಮತ್ತು ಮೊಮ್ಮಗ ನಾಡಿದ್ದು ರಾತ್ರಿ ಹೌರಾ ರೈಲು ಹತ್ತುತ್ತಾರೆ, ಅಷ್ಟರೊಳಗೆ ಹುಡುಕಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.